ಕೈಗೂ ಉಸಿರಿಗೂ ಕಲಿಸಬೇಕಾದ ಪಾಠ: ಅಸ್ತಮಾ ಮತ್ತು ಇನ್‌ಹೇಲರ್‌ನ ಸರಿಯಾದ ಬಳಕೆ

ಬಹುತೇಕ ಔಷಧಿಗಳ ವಿಷಯದಲ್ಲಿ ರೋಗಿಯ ಪಾಲಿನ ಕೆಲಸವು ಅವನ್ನು ಹೊತ್ತಿಗೆ ಸರಿಯಾಗಿ ನುಂಗುವುದರೊಂದಿಗೆ ಮುಗಿದುಹೋಗುತ್ತದೆ. ಮಾತ್ರೆಯನ್ನು ಕುಳಿತು ನುಂಗಿದರೂ ನಿಂತು ನುಂಗಿದರೂ ಅದು ಹೊಟ್ಟೆಯನ್ನು ಸೇರಿ, ಅಲ್ಲಿಂದ ರಕ್ತಕ್ಕೆ ಇಳಿದು, ತಲುಪಬೇಕಾದ ಜಾಗವನ್ನು ತಾನಾಗಿಯೇ ತಲುಪುತ್ತದೆ. ಚುಚ್ಚುಮದ್ದಿನಲ್ಲಾದರೆ ಕೌಶಲವೆಲ್ಲ ಚುಚ್ಚುವವರ ಕೈಯಲ್ಲಿರುತ್ತದೆ. ಅಸ್ತಮಾ ರೋಗಿಯ ಇನ್‌ಹೇಲರ್ ಈ ಎರಡೂ ಬಗೆಗೆ ಸೇರದು. ರೋಗಿಯ ಕೈ, ತುಟಿ, ನಾಲಿಗೆ ಮತ್ತು ಉಸಿರು ಕೆಲವೇ ಸೆಕೆಂಡುಗಳ ಅವಧಿಯಲ್ಲಿ ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡಿದರೆ ಮಾತ್ರ ಅದರೊಳಗಿನ ಮದ್ದು ಶ್ವಾಸಕೋಶವನ್ನು ಮುಟ್ಟುತ್ತದೆ. ಹೊಂದಿಕೊಳ್ಳದಿದ್ದರೆ ಅದೇ ಮದ್ದು ಗಂಟಲಿನ ಗೋಡೆಗೆ ಅಂಟಿ, ಜೊಲ್ಲಿನೊಂದಿಗೆ ಹೊಟ್ಟೆಗೆ ಹೋಗುತ್ತದೆ. ಆದ್ದರಿಂದ ಇನ್‌ಹೇಲರನ್ನು ಬರೆದುಕೊಡುವ ವೈದ್ಯರು ಔಷಧಿಯೊಂದರ ಜೊತೆಗೆ ಕೌಶಲವೊಂದನ್ನೂ ಬರೆದುಕೊಡುತ್ತಾರೆ. ಆ ಕೌಶಲವನ್ನು ಕಲಿಸುವುದು ಚಿಕಿತ್ಸೆಯ ಭಾಗವೇ ಹೊರತು ಚಿಕಿತ್ಸೆ ಮುಗಿದ ಮೇಲೆ ತೋರುವ ಸೌಜನ್ಯವಲ್ಲ ಎಂಬುದು ಈ ಉಪನ್ಯಾಸದ ಪ್ರತಿಪಾದನೆ.

ಕನ್ನಡ ನಾಡಿನಲ್ಲಿ ಉಬ್ಬಸ, ಗೂರಲು, ದಮ್ಮು ಎಂದು ನಾನಾ ಹೆಸರುಗಳಿಂದ ಕರೆಯಲಾಗುವ ಅಸ್ತಮಾ, ಶ್ವಾಸನಾಳಗಳ ಒಳಪದರದಲ್ಲಿ ದೀರ್ಘಕಾಲ ಉಳಿಯುವ ಉರಿಯೂತದ ಕಾಯಿಲೆ. ಉರಿಯೂತವೆಂದರೆ ಧೂಳು, ಹೊಗೆ, ಪರಾಗ, ವೈರಸ್ ಸೋಂಕು, ತಣ್ಣನೆಯ ಗಾಳಿ ಮೊದಲಾದವುಗಳಿಗೆ ದೇಹವು ಅತಿಯಾಗಿ ಪ್ರತಿಕ್ರಿಯಿಸಿದಾಗ ಅಂಗಾಂಶವು ಕೆಂಪಾಗಿ ಊದಿಕೊಳ್ಳುವ ಸ್ಥಿತಿ. ಇದರಿಂದ ನಾಳದ ಒಳಗೋಡೆ ದಪ್ಪವಾಗುತ್ತದೆ, ಅಂಟುಕಫ ಹೆಚ್ಚುತ್ತದೆ, ನಾಳವನ್ನು ಸುತ್ತುವರಿದ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಹೀಗೆ ಮೂರು ಕಡೆಯಿಂದ ಕಿರಿದಾದ ದಾರಿಯಲ್ಲಿ ಗಾಳಿ ಹೊರಬರುವಾಗ ಸುಯ್ಯೆಂಬ ಸದ್ದು ಕೇಳಿಸುತ್ತದೆ. ಬಿಗಿದ ಸ್ನಾಯುವನ್ನು ನಿಮಿಷಗಳಲ್ಲಿ ಸಡಿಲಿಸುವ ಸಾಲ್ಬುಟಮಾಲ್‌ನಂಥ ಮದ್ದುಗಳಿಗೆ ಉಪಶಮನಕಾರಿ ಎಂದೂ, ಉರಿಯೂತವನ್ನೇ ತಗ್ಗಿಸುವ ಬುಡೆಸೊನೈಡ್, ಬೆಕ್ಲೊಮೆಟಸೋನ್‌ನಂಥ ಸ್ಟೀರಾಯ್ಡುಗಳಿಗೆ ನಿಯಂತ್ರಕ ಎಂದೂ ಹೆಸರು. ಮೊದಲನೆಯದರ ಪರಿಣಾಮ ಆಗಲೇ ಅನುಭವಕ್ಕೆ ಬರುತ್ತದೆ; ಎರಡನೆಯದರದು ದಿನಗಳು, ವಾರಗಳು ಕಳೆದ ಮೇಲೆ, ಅದೂ ಉಬ್ಬಸ ಬರಲಿಲ್ಲ ಎಂಬ ರೂಪದಲ್ಲಿ ಮಾತ್ರ ತಿಳಿಯುತ್ತದೆ. ರೋಗಿಗಳು ಮೊದಲನೆಯದನ್ನು ನಂಬಿ ಎರಡನೆಯದನ್ನು ಕೈಬಿಡುವುದಕ್ಕೆ ಈ ವ್ಯತ್ಯಾಸವೇ ಮುಖ್ಯ ಕಾರಣ.

ಮದ್ದನ್ನು ಉಸಿರಿನ ಮೂಲಕ ಕೊಡುವುದರ ಲಾಭ ಅಳತೆಯಲ್ಲೇ ಕಾಣುತ್ತದೆ. ಸಾಲ್ಬುಟಮಾಲ್ ಮಾತ್ರೆಯಲ್ಲಿ 2 ಅಥವಾ 4 ಮಿಲಿಗ್ರಾಂ ಮದ್ದಿದ್ದರೆ ಇನ್‌ಹೇಲರ್‌ನ ಒಂದು ಸಿಂಪರಣೆಯಲ್ಲಿ ಇರುವುದು 100 ಮೈಕ್ರೋಗ್ರಾಂ, ಅಂದರೆ ಮಾತ್ರೆಯ ಇಪ್ಪತ್ತನೆಯ ಅಥವಾ ನಲವತ್ತನೆಯ ಒಂದು ಪಾಲು. ಬಾಯಿಯಿಂದ ನುಂಗುವ ಸ್ಟೀರಾಯ್ಡ್ ಮಾತ್ರೆಗೂ ಉಸಿರಿನೊಂದಿಗೆ ಸೇರುವ ಸ್ಟೀರಾಯ್ಡಿಗೂ ಇಂಥದೇ ಅಂತರವಿದೆ: ಒಂದರ ಲೆಕ್ಕ ಮಿಲಿಗ್ರಾಂಗಳಲ್ಲಿ, ಇನ್ನೊಂದರದು ಮೈಕ್ರೋಗ್ರಾಂಗಳಲ್ಲಿ. ಇಷ್ಟು ಅಲ್ಪಪ್ರಮಾಣ ಸಾಕಾಗುವುದು ಅದು ನೇರವಾಗಿ ಬೇನೆಯ ಜಾಗಕ್ಕೆ ಹೋಗುವುದರಿಂದ. ಅಲ್ಲಿಗೆ ಹೋಗದಿದ್ದರೆ ಆ ಅಲ್ಪಪ್ರಮಾಣವೂ ವ್ಯರ್ಥ.

ಹೋಗುವ ದಾರಿ ಸುಲಭದ್ದಲ್ಲ. ಮೂಗು, ಗಂಟಲು ಮತ್ತು ಕವಲೊಡೆಯುತ್ತ ಹೋಗುವ ಶ್ವಾಸನಾಳಗಳು ಹೊರಗಿನ ಕಣಗಳನ್ನು ತಡೆಯುವುದಕ್ಕೆಂದೇ ರೂಪುಗೊಂಡಿವೆ. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ಐದು ಮೈಕ್ರಾನಿಗಿಂತ ದೊಡ್ಡ ಕಣಗಳು ಬಹುಪಾಲು ಗಂಟಲಿನ ತಿರುವಿನಲ್ಲೇ ಬಡಿದು ನಿಲ್ಲುತ್ತವೆ. ಒಂದಕ್ಕಿಂತ ತೀರ ಸಣ್ಣವು ಗಾಳಿಯೊಂದಿಗೆ ಒಳಹೋಗಿ ಗಾಳಿಯೊಂದಿಗೇ ಹೊರಬರುತ್ತವೆ. ಒಂದರಿಂದ ಐದು ಮೈಕ್ರಾನಿನ ಕಣಗಳಷ್ಟೇ ನಾಳಗಳ ಒಳಗೋಡೆಯ ಮೇಲೆ ಕೂರುತ್ತವೆ. ಕಣದ ಗಾತ್ರ ಸರಿಯಿದ್ದರೂ ವೇಗ ಹೆಚ್ಚಾದರೆ ಅದು ತಿರುವಿನಲ್ಲಿ ಹೊರಳಲಾರದೆ ಗಂಟಲಿಗೆ ಅಪ್ಪಳಿಸುತ್ತದೆ. ಒಳಗೆ ತಲುಪಿದ ಕಣಕ್ಕೂ ಗೋಡೆಯ ಮೇಲೆ ಇಳಿದು ಕೂರಲು ಕೆಲವು ಸೆಕೆಂಡುಗಳ ನಿಶ್ಚಲ ಗಾಳಿ ಬೇಕು. ಉಸಿರನ್ನು ಪೂರ್ತಿ ಹೊರಹಾಕಿ, ಆಮೇಲೆ ಒಳಗೆಳೆದು, ಹತ್ತು ಸೆಕೆಂಡು ಹಿಡಿದಿರಬೇಕು ಎಂಬ ಸೂಚನೆಗೆ ಹಿನ್ನೆಲೆ ಈ ಭೌತಶಾಸ್ತ್ರವೇ. ವಿವರಣೆಯಿಲ್ಲದೆ ಹೇಳಿದಾಗ ಅದು ರೋಗಿಗೆ ಮಡಿಯ ನಿಯಮದಂತೆ ಕೇಳಿಸಿ, ಅವಸರದಲ್ಲಿ ಮೊದಲು ಕೈಬಿಟ್ಟುಹೋಗುವುದೂ ಅದೇ.

ಉಸಿರಿನ ಮೂಲಕ ಮದ್ದು ಕೊಡುವ ವಿಚಾರ ಹೊಸದಲ್ಲ. ಆಯುರ್ವೇದವು ತಮಕ ಶ್ವಾಸವೆಂದು ಗುರುತಿಸಿದ ಬೇನೆಗೆ ಔಷಧ ಧೂಮಪಾನವನ್ನು ಹೇಳಿದೆ. ದತ್ತೂರದ ಹೊಗೆಯನ್ನು ಉಬ್ಬಸಕ್ಕೆ ಬಳಸುವ ಪದ್ಧತಿ ಮದ್ರಾಸಿನಿಂದ ಜನರಲ್ ಜೆಂಟ್ ಎಂಬ ಸೇನಾಧಿಕಾರಿಯ ಮೂಲಕ 1802ರಲ್ಲಿ ಬ್ರಿಟನ್ನಿಗೆ ಹೋದದ್ದು ವೈದ್ಯಕೀಯ ಇತಿಹಾಸದಲ್ಲಿ ದಾಖಲಾಗಿದೆ. ಇಂದಿನ ಒತ್ತುವ ಇನ್‌ಹೇಲರ್ ಹುಟ್ಟಿದ್ದು ಅಮೆರಿಕದಲ್ಲಿ. ಲಾಸ್ ಏಂಜಲೀಸಿನ ರೈಕರ್ ಪ್ರಯೋಗಾಲಯದ ಅಧ್ಯಕ್ಷ ಜಾರ್ಜ್ ಮೇಸನ್ ಅವರ ಹದಿಮೂರು ವರ್ಷದ ಮಗಳಿಗೆ ಅಸ್ತಮಾ ಇತ್ತು. ಆಗ ಬಳಕೆಯಲ್ಲಿದ್ದ, ರಬ್ಬರ್ ಬುರುಡೆ ಒತ್ತುವ ಗಾಜಿನ ಉಪಕರಣದಿಂದ ಬೇಸತ್ತ ಆಕೆ, ಕೂದಲಿಗೆ ಹಾಕುವ ಸ್ಪ್ರೇಯ ಡಬ್ಬಿಯಂಥದರಲ್ಲಿ ತನ್ನ ಮದ್ದನ್ನೂ ತುಂಬಬಾರದೇಕೆ ಎಂದು 1955ರಲ್ಲಿ ತಂದೆಯನ್ನು ಕೇಳಿದಳೆಂದು ದಾಖಲೆಗಳು ಹೇಳುತ್ತವೆ. ಮರುವರ್ಷ, 1956ರಲ್ಲಿ, ಮೆಡಿಹೇಲರ್ ಮಾರುಕಟ್ಟೆಗೆ ಬಂತು. ಸಾಲ್ಬುಟಮಾಲ್ 1969ರಲ್ಲೂ ಬೆಕ್ಲೊಮೆಟಸೋನ್ 1972ರಲ್ಲೂ ಇದೇ ಬಗೆಯ ಡಬ್ಬಿಗಳಲ್ಲಿ ಬಂದ ಮೇಲೆ ಅಸ್ತಮಾದ ಚಿಕಿತ್ಸೆಯ ಸ್ವರೂಪವೇ ಬದಲಾಯಿತು. ಪುಡಿಯ ರೂಪದ ಮದ್ದನ್ನು ಉಸಿರಿನ ಬಲದಿಂದಲೇ ಎಳೆದುಕೊಳ್ಳುವ ಸ್ಪಿನ್‌ಹೇಲರನ್ನು ರೂಪಿಸಿದ ರೋಜರ್ ಆಲ್ಟೂನ್ಯಾನ್ ಸ್ವತಃ ಅಸ್ತಮಾ ರೋಗಿ. ಎರಡನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿದ್ದ ಈ ವೈದ್ಯರು ವಿಮಾನದ ತಿರುಗುರೆಕ್ಕೆಯ ತತ್ತ್ವವನ್ನೇ ಉಪಕರಣದೊಳಗೆ ಅಳವಡಿಸಿದರು.

ಇಂದು ಭಾರತದಲ್ಲಿ ಬಳಕೆಯಲ್ಲಿರುವ ಉಪಕರಣಗಳು ಮುಖ್ಯವಾಗಿ ಈ ಎರಡು ಮನೆತನಗಳಿಗೆ ಸೇರಿದವು. ಜನರು ಪಂಪು ಎಂದು ಕರೆಯುವ ಮೀಟರ್ಡ್ ಡೋಸ್ ಇನ್‌ಹೇಲರ್ ಒಂದು. ಕ್ಯಾಪ್ಸೂಲ್ ಹಾಕಿ ಎಳೆಯುವ ರೋಟಾಹೇಲರ್, ರಿವೊಲೈಸರ್ ಮೊದಲಾದ ಪುಡಿ ಇನ್‌ಹೇಲರುಗಳು ಇನ್ನೊಂದು. ಹೊರನೋಟಕ್ಕೆ ಎರಡೂ ಒಂದೇ ಕೆಲಸ ಮಾಡುವ ಸಾಧನಗಳು. ಆದರೆ ಅವು ಬೇಡುವ ಉಸಿರು ಒಂದಕ್ಕೊಂದು ತದ್ವಿರುದ್ಧ. ಇನ್‌ಹೇಲರ್ ಬಳಕೆಯ ಗೊಂದಲಗಳಲ್ಲಿ ದೊಡ್ಡ ಪಾಲು ಈ ಒಂದು ಸಂಗತಿಯಿಂದ ಹುಟ್ಟುವುದರಿಂದ ಅದನ್ನು ಬಿಡಿಸಿ ನೋಡುವುದು ಅಗತ್ಯ.

ಪಂಪಿನೊಳಗಿನ ಲೋಹದ ಡಬ್ಬಿಯಲ್ಲಿ ಮದ್ದಿನ ಸೂಕ್ಷ್ಮಕಣಗಳು ಒತ್ತಡದಿಂದ ದ್ರವವಾಗಿಸಿದ ಅನಿಲದಲ್ಲಿ ತೇಲುತ್ತಿರುತ್ತವೆ. ಮದ್ದನ್ನು ಹೊರದೂಡುವ ಈ ಅನಿಲಕ್ಕೆ ನೋದಕವೆಂದು ಹೆಸರು. ಓಜೋನ್ ಪದರಕ್ಕೆ ಕೇಡುಮಾಡುವ ಹಳೆಯ ನೋದಕಗಳನ್ನು 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಕೈಬಿಟ್ಟು ಎಚ್‌ಎಫ್‌ಎ ಎಂಬ ಬೇರೆ ಅನಿಲಗಳನ್ನು ಬಳಸಲಾಗುತ್ತಿದೆ. ನಿಂತಲ್ಲೇ ನಿಂತ ಡಬ್ಬಿಯಲ್ಲಿ ಮದ್ದೂ ನೋದಕವೂ ಬೇರ್ಪಡುವುದರಿಂದ ಪ್ರತಿ ಸಲವೂ ಚೆನ್ನಾಗಿ ಕುಲುಕಬೇಕು; ಕುಲುಕದೆ ಒತ್ತಿದಾಗ ಒಮ್ಮೆ ಮದ್ದು ಹೆಚ್ಚಾಗಿಯೂ ಇನ್ನೊಮ್ಮೆ ಬರಿಯ ಅನಿಲವೂ ಬಂದೀತು. ಹೊಸ ಪಂಪನ್ನಾಗಲಿ ಬಹುದಿನ ಮುಟ್ಟದೆ ಇಟ್ಟದ್ದನ್ನಾಗಲಿ ಬಳಸುವ ಮೊದಲು ಕೆಲವು ಸಲ ಗಾಳಿಗೆ ಸಿಂಪಡಿಸಿ ನೋಡಬೇಕಾದದ್ದು ಅಳತೆಯ ಕವಾಟ ತುಂಬಿಕೊಳ್ಳಲೆಂದು. ಒತ್ತಿದ ಕ್ಷಣ ಮದ್ದು ಗಂಟೆಗೆ ನೂರು ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಚಿಮ್ಮುತ್ತದೆ. ವೇಗವನ್ನು ಪಂಪೇ ಒದಗಿಸುವುದರಿಂದ ರೋಗಿಯ ಉಸಿರು ಇಲ್ಲಿ ನಿಧಾನವಾಗಿರಬೇಕು, ದೀರ್ಘವಾಗಿರಬೇಕು.

ಕ್ರಮ ಹೀಗಿದೆ. ಮುಚ್ಚಳ ತೆಗೆದು, ಒಳಗೆ ಕಸವಿಲ್ಲವೆಂದು ನೋಡಿ, ಕುಲುಕಿ, ಪಂಪನ್ನು ನೆಟ್ಟಗೆ ಹಿಡಿದು, ಬೆನ್ನು ನೇರವಾಗಿಸಿ, ಉಸಿರನ್ನು ನಿಧಾನವಾಗಿ ಹೊರಗೆ ಬಿಡಬೇಕು. ನಾಲಿಗೆ ಅಡ್ಡಬರದಂತೆ ಬಾಯಿತುದಿಯನ್ನು ಹಲ್ಲುಗಳ ನಡುವೆ ಇಟ್ಟು ತುಟಿಗಳಿಂದ ಬಿಗಿಯಾಗಿ ಮುಚ್ಚಿ, ಬಾಯಿಯಿಂದ ಉಸಿರೆಳೆಯಲು ಶುರುಮಾಡಿದೊಡನೆ ಡಬ್ಬಿಯನ್ನು ಒಮ್ಮೆ ಮಾತ್ರ ಒತ್ತಬೇಕು. ವಯಸ್ಕರು ನಾಲ್ಕೈದು ಸೆಕೆಂಡುಗಳ ಕಾಲ ಎಳೆತವನ್ನು ಮುಂದುವರಿಸಿ, ಪಂಪನ್ನು ತೆಗೆದು, ಬಾಯಿ ಮುಚ್ಚಿ ಹತ್ತು ಸೆಕೆಂಡು, ಅದಾಗದಿದ್ದರೆ ಹಿತವೆನಿಸುವಷ್ಟು ಹೊತ್ತು, ಉಸಿರು ಹಿಡಿಯಬೇಕು. ಎರಡನೆಯ ಸಿಂಪರಣೆ ಬೇಕಿದ್ದರೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿ, ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಒಂದೇ ಎಳೆತದಲ್ಲಿ ಎರಡು ಸಲ ಒತ್ತುವುದು ಸಮಯದ ಉಳಿತಾಯವಲ್ಲ, ಮದ್ದಿನ ಪೋಲು.

ಓದಲು ಸುಲಭವೆನಿಸುವ ಈ ಕ್ರಮದಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಒತ್ತುವ ಕ್ಷಣ ಮತ್ತು ಎಳೆಯುವ ಕ್ಷಣದ ಹೊಂದಾಣಿಕೆ. ಮೊದಲೇ ಒತ್ತಿದರೆ ಮದ್ದು ಬಾಯಲ್ಲಿ ಉಳಿಯುತ್ತದೆ. ಎಳೆತ ಮುಗಿಯುವಾಗ ಒತ್ತಿದರೆ ಅದನ್ನು ಒಯ್ಯಲು ಗಾಳಿಯೇ ಇರುವುದಿಲ್ಲ. ತಣ್ಣನೆಯ ಸಿಂಪರಣೆ ಗಂಟಲಿಗೆ ತಾಗಿದ ಕೂಡಲೇ ಕೆಲವರ ಉಸಿರು ತಾನಾಗಿ ನಿಂತುಬಿಡುತ್ತದೆ. ಇನ್ನು ಕೆಲವರು ಬಾಯಿಗೆ ಒತ್ತಿಕೊಂಡು ಮೂಗಿನಿಂದ ಎಳೆಯುತ್ತಾರೆ, ಮದ್ದು ಬಾಯಿಂದ ಬಿಳಿಹೊಗೆಯಾಗಿ ಹೊರಬರುವುದು ಎದುರಿಗೆ ಕುಳಿತವರಿಗಷ್ಟೇ ಕಾಣುತ್ತದೆ. ಎಲ್ಲವನ್ನೂ ಸರಿಯಾಗಿ ಮಾಡಿದಾಗಲೂ ಸಾಮಾನ್ಯ ಪಂಪಿನ ಮದ್ದಿನಲ್ಲಿ ಶೇ. 10ರಿಂದ 20ರಷ್ಟು ಮಾತ್ರ ಶ್ವಾಸಕೋಶ ಸೇರುತ್ತದೆಂಬುದನ್ನು ನೆನೆದರೆ, ತಪ್ಪು ಮಾಡಿದಾಗ ಉಳಿಯುವುದೆಷ್ಟೆಂದು ಬಿಡಿಸಿ ಹೇಳಬೇಕಿಲ್ಲ.

ಪುಡಿ ಇನ್‌ಹೇಲರಿನಲ್ಲಿ ನೋದಕವಿಲ್ಲ. ಅಲ್ಲಿ ರೋಗಿಯ ಉಸಿರೇ ಯಂತ್ರದ ಎಂಜಿನ್. ಮದ್ದಿನ ಸೂಕ್ಷ್ಮಕಣಗಳು ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯ ದೊಡ್ಡ ಕಣಗಳಿಗೆ ಅಂಟಿಕೊಂಡಿರುತ್ತವೆ. ರಭಸದ ಗಾಳಿ ಅವನ್ನು ಕಿತ್ತು ಬಿಡಿಬಿಡಿಯಾಗಿಸಿದರೆ ಮಾತ್ರ ಅವು ಶ್ವಾಸಕೋಶಕ್ಕೆ ಹೋಗುವ ಗಾತ್ರ ಪಡೆಯುತ್ತವೆ. ಆದ್ದರಿಂದ ಇಲ್ಲಿ ಉಸಿರನ್ನು ಮೊದಲ ಕ್ಷಣದಿಂದಲೇ ಜೋರಾಗಿ, ಆಳವಾಗಿ ಎಳೆಯಬೇಕು. ಎಳನೀರಿನ ತಳದಲ್ಲಿ ಉಳಿದದ್ದನ್ನು ಕೊಳವೆಯಿಂದ ಎಳೆಯುವಾಗ ಬೇಕಾಗುವಂಥ ಬಲ ಅದು. ಪಂಪಿಗೆ ಒಗ್ಗಿದವರು ರೋಟಾಹೇಲರನ್ನೂ ಮೆಲ್ಲಗೆ ಎಳೆದರೆ ಪುಡಿ ಗುಂಪುಗುಂಪಾಗಿ ಬಂದು ನಾಲಿಗೆಯ ಮೇಲೆ ಬೀಳುತ್ತದೆ. ರೋಟಾಹೇಲರಿಗೆ ಒಗ್ಗಿದವರು ಪಂಪನ್ನು ಜೋರಾಗಿ ಎಳೆದರೆ ಮದ್ದು ಗಂಟಲಿಗೆ ಬಡಿಯುತ್ತದೆ. ದಿನನಿತ್ಯದ ನಿಯಂತ್ರಕಕ್ಕೆ ಒಂದು ಬಗೆಯ ಉಪಕರಣವನ್ನೂ ತುರ್ತಿನ ಉಪಶಮನಕ್ಕೆ ಇನ್ನೊಂದು ಬಗೆಯದನ್ನೂ ಬರೆದುಕೊಡುವ ರೂಢಿ, ಈ ದೃಷ್ಟಿಯಿಂದ, ಆದಷ್ಟು ತಪ್ಪಿಸಬೇಕಾದದ್ದು. ಔಷಧದಂಗಡಿಯಲ್ಲಿ ಒಂದು ಸಿಗಲಿಲ್ಲವೆಂದು ಇನ್ನೊಂದನ್ನು ಕೈಗಿತ್ತು ಕಳಿಸುವುದಂತೂ ಕಲಿತದ್ದನ್ನೂ ಕೆಡಿಸುವ ಕೆಲಸ.

ರೋಟಾಹೇಲರಿಗೆ ಕ್ಯಾಪ್ಸೂಲನ್ನು ಪಾರದರ್ಶಕ ತುದಿ ಕೆಳಗಾಗುವಂತೆ ಚೌಕರಂಧ್ರಕ್ಕೆ ಒತ್ತಿ ಕೂರಿಸಿ, ಬುಡವನ್ನು ತಿರುಗಿಸಿದಾಗ ಕ್ಯಾಪ್ಸೂಲು ಎರಡಾಗಿ ಬೇರ್ಪಟ್ಟು ಪುಡಿ ಚೆಲ್ಲುತ್ತದೆ. ತಿರುಗಿಸದೆಯೇ ಎಳೆಯುವುದು, ತಿರುಗಿಸಿದ ಮೇಲೆ ಉಪಕರಣವನ್ನು ತಲೆಕೆಳಗಾಗಿಸಿ ಪುಡಿಯನ್ನು ಸುರಿಸಿಕೊಳ್ಳುವುದು, ಉಪಕರಣದೊಳಕ್ಕೇ ಉಸಿರು ಬಿಡುವುದು, ಇವು ಪದೇ ಪದೇ ಕಾಣುವ ತಪ್ಪುಗಳು. ಬಾಯಿಯ ಗಾಳಿಯ ತೇವ ತಾಗಿದ ಪುಡಿ ಮುದ್ದೆಗಟ್ಟುವುದರಿಂದ ಉಸಿರನ್ನು ಪಕ್ಕಕ್ಕೆ ತಿರುಗಿ ಬಿಡಬೇಕು. ಎಳೆದ ಮೇಲೆ ಒಳಗೆ ಪುಡಿ ಉಳಿದಿದ್ದರೆ ಮತ್ತೊಮ್ಮೆ ಎಳೆಯಬೇಕು. ಕ್ಯಾಪ್ಸೂಲೆಂದ ಮೇಲೆ ನುಂಗುವುದೇ ಎಂದು ತಿಳಿದು ನೀರಿನೊಂದಿಗೆ ನುಂಗಿಬಿಡುವವರೂ ಇದ್ದಾರೆ. ಹಾಗೆ ನುಂಗಿದ ಬುಡೆಸೊನೈಡ್‌ನ ಬಹುಭಾಗವನ್ನು ಯಕೃತ್ತು ನಿಷ್ಕ್ರಿಯಗೊಳಿಸುವುದರಿಂದ ಅಪಾಯ ಕಡಿಮೆಯಾದರೂ ಪ್ರಯೋಜನ ಶೂನ್ಯ. ಇದನ್ನು ರೋಗಿಯ ದಡ್ಡತನವೆಂದು ನಗುವುದು ಅನ್ಯಾಯ. ಹುಟ್ಟಿದಂದಿನಿಂದ ನುಂಗಲೆಂದೇ ಕ್ಯಾಪ್ಸೂಲು ಕೊಟ್ಟ ವ್ಯವಸ್ಥೆ, ಈ ಒಂದನ್ನು ನುಂಗಬಾರದೆಂದು ಹೇಳಲು ಮರೆತಿರುತ್ತದೆ, ಅಷ್ಟೇ.

ಕರಾವಳಿ ಮತ್ತು ಮಲೆನಾಡಿನ ಮಳೆಗಾಲಕ್ಕೆ ಈ ಕ್ಯಾಪ್ಸೂಲುಗಳ ವಿಷಯದಲ್ಲಿ ಬೇರೆಯೇ ಎಚ್ಚರ ಬೇಕು. ಜೆಲಾಟಿನ್ ಹೊದಿಕೆ ತೇವವನ್ನು ಹೀರಿ ಮೆತ್ತಗಾದರೆ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ, ಒಳಗಿನ ಪುಡಿಯೂ ಗಂಟುಕಟ್ಟುತ್ತದೆ. ಕ್ಯಾಪ್ಸೂಲುಗಳನ್ನು ಅವು ಬಂದ ಡಬ್ಬಿಯಲ್ಲೇ ಮುಚ್ಚಳ ಬಿಗಿದು ಇಡಬೇಕು, ಬಳಸುವ ಕ್ಷಣದಲ್ಲಷ್ಟೇ ಒಣಗಿದ ಕೈಯಿಂದ ತೆಗೆಯಬೇಕು, ರಾತ್ರಿಯೇ ಉಪಕರಣಕ್ಕೆ ತುಂಬಿಟ್ಟು ಬೆಳಿಗ್ಗೆ ಬಳಸುವ ಅಭ್ಯಾಸ ಸಲ್ಲದು. ಉಪಕರಣವನ್ನು ತೊಳೆದ ಮೇಲೆ ಪೂರ್ತಿ ಒಣಗಲು ಬಿಡಬೇಕಾದ್ದೂ ಇದೇ ಕಾರಣಕ್ಕೆ.

ಪುಡಿ ಇನ್‌ಹೇಲರಿಗೆ ಬೇಕಾದ ಬಲವಾದ ಎಳೆತ ಐದಾರು ವರ್ಷದೊಳಗಿನ ಮಕ್ಕಳಿಂದ ಸಾಧ್ಯವಿಲ್ಲ. ಬಳಲಿದ ವೃದ್ಧರಿಂದಲೂ ತೀವ್ರ ಉಬ್ಬಸದ ನಡುವೆ ಯಾರಿಂದಲೂ ಖಾತರಿಯಿಲ್ಲ. ಪಂಪಿಗೆ ಬೇಕಾದ ಹೊಂದಾಣಿಕೆಯೂ ಇವರಿಗೆ ಕಷ್ಟ. ಈ ಎರಡು ತೊಡಕುಗಳಿಗೂ ಉತ್ತರ ಸ್ಪೇಸರ್, ಅಂದರೆ ಪಂಪು ಮತ್ತು ಬಾಯಿಯ ನಡುವೆ ಜೋಡಿಸುವ ಟೊಳ್ಳು ಕೊಠಡಿ. ಸಿಂಪರಣೆ ಮೊದಲು ಅದರೊಳಗೆ ತುಂಬಿ, ವೇಗ ಕಳೆದುಕೊಂಡು, ದೊಡ್ಡ ಕಣಗಳು ಗೋಡೆಗೆ ಅಂಟಿ, ಸಣ್ಣವು ಮಾತ್ರ ಉಸಿರಿಗಾಗಿ ಕಾದಿರುತ್ತವೆ. ಆಗ ಒತ್ತುವುದನ್ನೂ ಎಳೆಯುವುದನ್ನೂ ಒಂದೇ ಕ್ಷಣಕ್ಕೆ ಹೊಂದಿಸುವ ಗೋಜಿಲ್ಲ. ಒಂದು ಸಲಕ್ಕೆ ಒಂದೇ ಸಿಂಪರಣೆ ಹಾಕಿ, ತಡಮಾಡದೆ, ಮಕ್ಕಳಾದರೆ ಐದಾರು ಸಹಜ ಉಸಿರುಗಳಲ್ಲಿ ಎಳೆದುಕೊಂಡರೆ ಸಾಕು; ಎಳೆಯ ಮಕ್ಕಳಿಗೆ ಮೂಗು ಬಾಯಿಗಳನ್ನು ಮುಚ್ಚುವ ಮುಖವಾಡವನ್ನು ಬಿಗಿಯಾಗಿ ಹಿಡಿಯಬೇಕು. ಪ್ಲಾಸ್ಟಿಕ್ ಸ್ಪೇಸರಿನ ಒಳಗೋಡೆಯನ್ನು ಬಟ್ಟೆಯಿಂದ ಒರೆಸಿದಾಗ ಹುಟ್ಟುವ ಸ್ಥಿರ ವಿದ್ಯುತ್ತು ಮದ್ದನ್ನು ತನ್ನತ್ತ ಸೆಳೆದುಕೊಳ್ಳುವುದರಿಂದ, ಪಾತ್ರೆ ತೊಳೆಯುವ ಸಾಬೂನಿನ ತಿಳಿನೀರಿನಲ್ಲಿ ಅದ್ದಿ ತೆಗೆದು, ಒರೆಸದೆ, ನೀರು ತಾನಾಗಿ ಇಳಿದು ಒಣಗುವಂತೆ ಇಡಬೇಕು. ಮನೆಮಂದಿ ಶುಚಿತ್ವದ ಹೆಸರಿನಲ್ಲಿ ತಿಕ್ಕಿ ಒರೆಸಿ ಹೊಳಪಿಸಿದ ಸ್ಪೇಸರು ನೋಡಲು ಚೆಂದ, ಬಳಕೆಗೆ ಕಳಪೆ.

ಸ್ಪೇಸರಿಗೆ ಹಣವಿಲ್ಲವೆಂಬುದೂ ದಾಟಲಾಗದ ಅಡ್ಡಿಯಲ್ಲ. ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಮಕ್ಕಳ ತಜ್ಞೆ ಹೆದರ್ ಜಾರ್ ಮತ್ತು ಸಂಗಡಿಗರು 500 ಮಿಲಿಲೀಟರಿನ ಸಾಮಾನ್ಯ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಪಂಪಿನ ಬಾಯಿ ಕೂರುವಷ್ಟು ರಂಧ್ರ ಮಾಡಿ, ಸಂದು ಉಳಿಯದಂತೆ ಅಂಟಿನಿಂದ ಮುಚ್ಚಿ, ಉಬ್ಬಸ ಬಂದ ಮಕ್ಕಳಲ್ಲಿ ಪರೀಕ್ಷಿಸಿದಾಗ ಅದು ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿದ್ದನ್ನು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿತು. ಸಂದು ಮುಚ್ಚದ ಬಾಟಲಿ ಅದಕ್ಕಿಂತ ಕಡಿಮೆ, ಥರ್ಮೋಕೋಲ್ ಲೋಟ ಎಲ್ಲಕ್ಕಿಂತ ಕಡಿಮೆ ಫಲ ಕೊಟ್ಟವು. ತೀರ ತೀವ್ರವಲ್ಲದ ಉಬ್ಬಸದಲ್ಲಿ ಸ್ಪೇಸರಿನ ಮೂಲಕ ಪಂಪು ಕೊಟ್ಟರೆ ದ್ರವಮದ್ದನ್ನು ಮಂಜಾಗಿಸಿ ಕೊಡುವ ನೆಬ್ಯುಲೈಸರ್ ಯಂತ್ರಕ್ಕೆ ಸಮನಾದ ಪರಿಣಾಮವಿದೆಯೆಂದು ಅನೇಕ ಪ್ರಯೋಗಗಳ ಒಟ್ಟು ವಿಶ್ಲೇಷಣೆಗಳೂ ತೋರಿಸಿವೆ. ಆದರೂ ಸದ್ದು ಮಾಡುವ, ಹೊಗೆಯುಗುಳುವ ಯಂತ್ರವೇ ಹೆಚ್ಚು ಶಕ್ತವೆಂಬ ನಂಬಿಕೆಯಿಂದ ಪ್ರತಿ ಸಲವೂ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡುವವರ ಸಂಖ್ಯೆ ಕಡಿಮೆಯಾಗಿಲ್ಲ.

ತಪ್ಪು ಬಳಕೆ ಎಷ್ಟು ವ್ಯಾಪಕ ಎಂಬುದಕ್ಕೆ ಬಲವಾದ ಆಧಾರವಿದೆ. ಸ್ಪೇನಿನ ಹೋಕಿನ್ ಸಾಂಚಿಸ್ ಮತ್ತು ಸಹಸಂಶೋಧಕರು 1975ರಿಂದ 2014ರವರೆಗೆ ಜಗತ್ತಿನ ನಾನಾ ಕಡೆ ನಡೆದ 144 ಅಧ್ಯಯನಗಳನ್ನು, ಅಂದರೆ 54,000ಕ್ಕೂ ಹೆಚ್ಚು ಜನರ ಬಳಕೆಯನ್ನು, ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ ಸರಿಯಾಗಿ ಬಳಸಿದವರು ಶೇ. 31 ಮಾತ್ರ. ಪಂಪು ಬಳಸುವವರಲ್ಲಿ ಶೇ. 45ರಷ್ಟು ಮಂದಿ ಹೊಂದಾಣಿಕೆಯಲ್ಲಿ ತಪ್ಪಿದರೆ, ಪುಡಿ ಬಳಸುವವರಲ್ಲಿ ಶೇ. 46ರಷ್ಟು ಮಂದಿ ಎಳೆಯುವ ಮೊದಲು ಉಸಿರನ್ನು ಪೂರ್ತಿ ಹೊರಬಿಟ್ಟಿರಲಿಲ್ಲ. ನಲವತ್ತು ವರ್ಷಗಳಲ್ಲಿ ಉಪಕರಣಗಳು ಎಷ್ಟೋ ಬದಲಾದರೂ ಈ ಪ್ರಮಾಣ ಸುಧಾರಿಸಿಲ್ಲ ಎಂಬುದು ವಿಮರ್ಶೆಯ ಕಹಿ ತೀರ್ಮಾನ. ಇದಕ್ಕಿಂತಲೂ ಕಹಿಯಾದದ್ದು 2018ರ ಇನ್ನೊಂದು ವಿಮರ್ಶೆ. ವೈದ್ಯರು, ದಾದಿಯರು, ಔಷಧಿಕಾರರನ್ನೇ ಪರೀಕ್ಷಿಸಿದ ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಸರಿಯಾಗಿ ಬಳಸಿ ತೋರಿಸಬಲ್ಲವರು ಶೇ. 15.5 ಮಾತ್ರ ಇದ್ದರು. ಕಲಿಸಬೇಕಾದವರ ಕೈಯೇ ಪಳಗಿಲ್ಲದಿರುವಾಗ ಹೊಣೆಯನ್ನು ರೋಗಿಯ ಹೆಗಲಿಗೆ ಹೊರಿಸಲು ಬರುವುದಿಲ್ಲ.

ಭಾರತದ ಮಟ್ಟಿಗೆ ಇದು ಪ್ರಾಣದ ಪ್ರಶ್ನೆ. ಜಾಗತಿಕ ರೋಗಹೊರೆ ಅಧ್ಯಯನದ 2019ರ ಅಂದಾಜಿನಂತೆ ದೇಶದಲ್ಲಿ ಸುಮಾರು 3.4 ಕೋಟಿ ಅಸ್ತಮಾ ರೋಗಿಗಳಿದ್ದಾರೆ. ಜಗತ್ತಿನ ರೋಗಿಗಳಲ್ಲಿ ಭಾರತದ ಪಾಲು ಶೇ. 13ರ ಆಸುಪಾಸಿನಲ್ಲಿದ್ದರೆ ಅಸ್ತಮಾ ಸಾವುಗಳಲ್ಲಿ ಅದರ ಪಾಲು ಶೇ. 40ನ್ನು ಮೀರುತ್ತದೆ. ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ಎರಡು ದಶಕಗಳ ಕಾಲ ಗಮನಿಸಿ, ಅಸ್ತಮಾದ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ರ ಹೊತ್ತಿಗೆ ಶೇ. 29.5ಕ್ಕೆ ಏರಿದ್ದನ್ನು ದಾಖಲಿಸಿದ್ದಾರೆ. ಆಸ್ಪತ್ರೆಯ ಅಂಕಿಯನ್ನು ಊರಿನ ಅಂಕಿಯೆಂದು ಓದಬಾರದಾದರೂ ಏರಿಕೆಯ ದಿಕ್ಕು ಸ್ಪಷ್ಟ. ಸಾವಿನ ಪ್ರಮಾಣ ಇಷ್ಟಿರುವುದಕ್ಕೆ ತಡವಾದ ರೋಗನಿರ್ಣಯ, ಬಡತನ, ನಿಯಂತ್ರಕ ಮದ್ದಿನ ಕೊರತೆ ಇವೆಲ್ಲ ಕಾರಣಗಳು; ತಪ್ಪು ಬಳಕೆ ಅವುಗಳ ಸಾಲಿನಲ್ಲಿ ಅತ್ಯಂತ ಕಡಿಮೆ ಖರ್ಚಿನಲ್ಲಿ ಸರಿಪಡಿಸಬಹುದಾದ ಕಾರಣ.

ತಪ್ಪು ಬಳಕೆಯ ಕೇಡು ಅಲ್ಲಿಗೇ ನಿಲ್ಲುವುದಿಲ್ಲ. ಮದ್ದು ಒಳಗೆ ಹೋಗದೆ ಉಬ್ಬಸ ಮುಂದುವರಿದಾಗ ವೈದ್ಯರು ಮದ್ದು ಸಾಲದೆಂದು ತಿಳಿದು ಪ್ರಮಾಣ ಏರಿಸುತ್ತಾರೆ, ಇಲ್ಲವೇ ಸ್ಟೀರಾಯ್ಡ್ ಮಾತ್ರೆ ಸೇರಿಸುತ್ತಾರೆ. ಗಂಟಲಿಗೆ ಬೀಳುವ ಮದ್ದು ಹೆಚ್ಚಾಗಿ ದನಿ ಒಡೆಯುತ್ತದೆ, ಬಾಯಲ್ಲಿ ಬಿಳಿ ಶಿಲೀಂಧ್ರ ಬೆಳೆಯುತ್ತದೆ. ಸ್ಟೀರಾಯ್ಡ್ ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ತಪ್ಪುವ ತೊಂದರೆಯಿದು. ರೋಗಿ ಇದೆಲ್ಲವನ್ನೂ ಮದ್ದಿನ ದೋಷವೆಂದು ಎಣಿಸಿ ನಿಯಂತ್ರಕವನ್ನು ಬಿಟ್ಟು ಉಪಶಮನಕಾರಿಯೊಂದನ್ನೇ ನೆಚ್ಚುತ್ತಾನೆ. ಬ್ರಿಟನ್ನಿನಲ್ಲಿ 195 ಅಸ್ತಮಾ ಸಾವುಗಳನ್ನು ಪರಿಶೀಲಿಸಿದ 2014ರ ರಾಷ್ಟ್ರೀಯ ವರದಿ, ಉಪಶಮನಕಾರಿಯ ಅತಿಬಳಕೆಯನ್ನು ಅಪಾಯದ ಗುರುತಾಗಿ ಎತ್ತಿ ತೋರಿಸಿತು; ವಯಸ್ಕರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್ ಒಂದರಿಂದಲೇ ಚಿಕಿತ್ಸೆ ನಡೆಸಬಾರದೆಂದು ಗಿನಾ ಎಂಬ ಜಾಗತಿಕ ಅಸ್ತಮಾ ಮಾರ್ಗದರ್ಶಿ ಸಂಸ್ಥೆ 2019ರಲ್ಲಿ ಘೋಷಿಸಿತು. ಉಬ್ಬಸ ನಿಯಂತ್ರಣಕ್ಕೆ ಬಾರದಿದ್ದಾಗ ಚೀಟಿಯಲ್ಲಿ ಹೊಸ ಮದ್ದು ಬರೆಯುವ ಮೊದಲು ಹಳೆಯ ಮದ್ದನ್ನು ಎದುರಿನಲ್ಲೇ ಬಳಸಿ ತೋರಿಸಲು ಕೇಳಬೇಕೆಂಬುದು ಅದೇ ಸಂಸ್ಥೆಯ ಕಟ್ಟುನಿಟ್ಟಿನ ಸಲಹೆ.

ಬಳಕೆಗೆ ಮೊದಲೇ ಅಡ್ಡ ನಿಲ್ಲುವ ಭಯಗಳೂ ಇವೆ. ಪಂಪು ಹಿಡಿದರೆ ಅದೇ ಚಟವಾಗುತ್ತದೆ, ಪಂಪೆಂದರೆ ರೋಗದ ಕೊನೆಯ ಹಂತ, ಮದುವೆಗೆ ಬಂದ ಹುಡುಗಿಯ ಕೈಯಲ್ಲಿ ಅದನ್ನು ಕಂಡರೆ ಸಂಬಂಧ ಮುರಿದೀತು ಎಂಬ ಮಾತುಗಳು ಊರಲ್ಲೂ ನಗರದಲ್ಲೂ ಕೇಳುತ್ತವೆ. ಬಚ್ಚಲಮನೆಯಲ್ಲಿ ಬಾಗಿಲು ಹಾಕಿಕೊಂಡು ಆತುರದಲ್ಲಿ ಒತ್ತಿಕೊಳ್ಳುವವರು ಕ್ರಮವನ್ನು ಪಾಲಿಸುವುದು ಅಸಾಧ್ಯ. ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಕೊಡುವ ಮೀನಿನ ಮದ್ದಿಗಾಗಿ ಕರ್ನಾಟಕದಿಂದಲೂ ಜನ ಹೋಗುತ್ತಾರೆ. ಒಮ್ಮೆ ನುಂಗಿ ಮುಗಿಸಬಹುದಾದ ಮದ್ದಿನ ಆಸೆ ಸಹಜವಾದದ್ದೇ, ಆದರೆ ಆ ಮದ್ದು ಅಸ್ತಮಾವನ್ನು ಗುಣಪಡಿಸುತ್ತದೆಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಅಲ್ಲಿಗೆ ಹೋಗುವವರನ್ನು ಜರೆಯುವುದರಿಂದ ಫಲವಿಲ್ಲ. ಹೋಗುವಾಗಲೂ ನಿಯಂತ್ರಕವನ್ನು ನಿಲ್ಲಿಸಬಾರದೆಂಬ ಒಂದು ಮಾತು ಅವರ ಕಿವಿಗೆ ಬಿದ್ದರೆ ಅದೇ ದೊಡ್ಡ ಕೆಲಸ.

ಕಲಿಸುವ ವಿಧಾನದಲ್ಲಿ ಮೊದಲು ಬಿಡಬೇಕಾದದ್ದು, ವಿವರಿಸಿ ಮುಗಿಸಿ ‘ಗೊತ್ತಾಯ್ತಾ?’ ಎಂದು ಕೇಳುವ ಅಭ್ಯಾಸ. ಆ ಪ್ರಶ್ನೆಗೆ ತಲೆಯಾಡಿಸದ ರೋಗಿಯಿಲ್ಲ. ಕೈಯಲ್ಲಿ ಉಪಕರಣ ಹಿಡಿದು ಮಾಡಿ ತೋರಿಸಿ, ಆಮೇಲೆ ರೋಗಿಯಿಂದ ಮಾಡಿಸಿ, ತಪ್ಪಿದ ಹಂತವನ್ನಷ್ಟೇ ಮತ್ತೆ ತೋರಿಸಿ, ತಪ್ಪಿಲ್ಲದೆ ಮಾಡುವವರೆಗೆ ಇದನ್ನೇ ಮುಂದುವರಿಸುವುದು ಫಲಕಾರಿಯೆಂದು ರುಜುವಾತಾದ ಕ್ರಮ. ಇದಕ್ಕೆ ತಗಲುವ ಸಮಯ ಎರಡು ಮೂರು ನಿಮಿಷ. ಒಮ್ಮೆ ಕಲಿತದ್ದು ನಾಲ್ಕಾರು ವಾರಗಳಲ್ಲಿ ಸವೆಯುವುದರಿಂದ ಪ್ರತಿ ಭೇಟಿಯಲ್ಲೂ ಮರುಪರೀಕ್ಷೆ ಬೇಕು. ಸಂಧಿವಾತದಿಂದ ಬೆರಳು ಬಿಗಿದ ಅಜ್ಜಿ ಪಂಪನ್ನು ಎರಡೂ ಕೈಗಳಿಂದ ಒತ್ತಬಹುದೆಂದು, ಕಣ್ಣು ಮಂಜಾದವರಿಗೆ ಕ್ಯಾಪ್ಸೂಲು ಕೂರಿಸಲು ಮನೆಯವರೊಬ್ಬರು ಬೇಕೆಂದು ತಿಳಿಯುವುದೂ ಹೀಗೆ ಎದುರಿಗೆ ಕೂರಿಸಿ ನೋಡಿದಾಗಲೇ.

ನೂರಾರು ರೋಗಿಗಳು ಸಾಲುಗಟ್ಟಿರುವ ಹೊರರೋಗಿ ವಿಭಾಗದಲ್ಲಿ ವೈದ್ಯರಿಗೆ ಆ ಮೂರು ನಿಮಿಷವೂ ಸಿಗದೆಂಬ ಮಾತು ನಿಜ. ಹಾಗಾದರೆ ಅದು ಇನ್ನೊಬ್ಬರ ಗೊತ್ತಾದ ಕರ್ತವ್ಯವಾಗಬೇಕು. ಔಷಧಿ ಕೊಡುವ ಕಿಟಕಿಯ ಫಾರ್ಮಸಿಸ್ಟರು, ಶುಶ್ರೂಷಾಧಿಕಾರಿಗಳು, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು ತರಬೇತಿ ಪಡೆದರೆ ಈ ಕೆಲಸವನ್ನು ವೈದ್ಯರಿಗಿಂತ ಚೆನ್ನಾಗಿ ಮಾಡಬಲ್ಲರು; ಅವರಾಡುವುದು ರೋಗಿಯ ಮಾತನ್ನೇ. ಬುಡೆಸೊನೈಡ್, ಸಾಲ್ಬುಟಮಾಲ್ ಇನ್‌ಹೇಲರುಗಳು 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿದ್ದದ್ದು ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿಗೂ, ಕಪಾಟಿನಲ್ಲಿದ್ದದ್ದು ಸ್ಪೇಸರಿನೊಡನೆ ರೋಗಿಯ ಕೈಗೂ, ಕೈಗೆ ಬಂದದ್ದು ಕಲಿಕೆಯೊಡನೆ ಶ್ವಾಸಕೋಶಕ್ಕೂ ಹೋಗಬೇಕು. ಸರಕಾರದ ಲೆಕ್ಕ ಸಾಮಾನ್ಯವಾಗಿ ಎರಡನೆಯ ಮೆಟ್ಟಿಲಿನಲ್ಲೇ ಮುಗಿಯುತ್ತದೆ. ಪೆಟ್ಟಿಗೆಯೊಳಗೆ ಮಡಚಿಟ್ಟ ಸಣ್ಣಕ್ಷರದ ಚೀಟಿಯನ್ನು ಯಾರೂ ಓದುವುದಿಲ್ಲ. ಉಪಕರಣದ ಮೇಲೆಯೇ ಅಂಟಿಸಿದ ನಾಲ್ಕು ಸಾಲಿನ ಕನ್ನಡ ಸೂಚನೆಯನ್ನು ದಿನಕ್ಕೆರಡು ಸಲ ಓದುತ್ತಾರೆ.

ಡಬ್ಬಿ ಮುಗಿದದ್ದನ್ನು ತಿಳಿಯುವ ಬಗೆಯನ್ನೂ ಇಲ್ಲಿ ಸೇರಿಸಬೇಕು. ಮದ್ದು ಮುಗಿದ ಮೇಲೂ ನೋದಕ ಚಿಮ್ಮುತ್ತಲೇ ಇರುವುದರಿಂದ ಸದ್ದನ್ನು ನಂಬುವಂತಿಲ್ಲ. ನೀರಿನಲ್ಲಿ ತೇಲಿಸಿ ನೋಡುವ ಹಳೆಯ ಉಪಾಯವೂ ತಪ್ಪು. ಎಣಿಕೆಯ ಅಂಕಿ ತೋರಿಸುವ ಪಂಪು ಒಳ್ಳೆಯದು. ಅದಿಲ್ಲದಿದ್ದರೆ 200 ಸಿಂಪರಣೆಯ ಡಬ್ಬಿ ದಿನಕ್ಕೆ ನಾಲ್ಕರಂತೆ 50 ದಿನ ಬರುತ್ತದೆಂದು ಲೆಕ್ಕಹಾಕಿ, ಮುಗಿಯುವ ತಾರೀಕನ್ನು ಡಬ್ಬಿಯ ಮೇಲೆಯೇ ಬರೆದಿಡಬೇಕು.

ಮನೆಯಲ್ಲಿ ಅಸ್ತಮಾ ಇರುವವರು ಮುಂದಿನ ಸಲ ವೈದ್ಯರ ಬಳಿಗೆ ಹೋಗುವಾಗ ಚೀಟಿಯ ಜೊತೆಗೆ ಪಂಪು, ರೋಟಾಹೇಲರ್, ಸ್ಪೇಸರುಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಲಿ. ವೈದ್ಯರು ಕೇಳದಿದ್ದರೂ ಅವರೆದುರಿಗೆ ಒಮ್ಮೆ ಬಳಸಿ, ಸರಿಯಿದೆಯೇ ಎಂದು ತಾವೇ ಕೇಳಲಿ.